ಅಂಗೈಯಲ್ಲಿ ಪದ, ಹಾಳೆಯ ಮೇಲೆ ಪ್ಯಾರಾ

ಜಪಾನಿನಲ್ಲಿ ಮೊಬೈಲಿಗೆ ‘ಕೇತಾಯ್’ ಎನ್ನುತ್ತಾರೆ. ಜೊತೆಗೆ ಒಯ್ಯುವಂಥದು ಎಂದು ಅರ್ಥ. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ಐ-ಮೋಡ್ ಸೇವೆ ಶುರುಮಾಡಿದ ಮೇಲೆ ಫೋನಿನಿಂದಲೇ ಇಮೇಲ್ ಬರೆಯುವುದು ಅಲ್ಲಿನ ಕಾಲೇಜು ಹುಡುಗ ಹುಡುಗಿಯರಿಗೆ ರೂಢಿಯಾಯಿತು. ಈ ರೂಢಿಯನ್ನು ಇಂಗ್ಲಿಷ್ ಕಲಿಕೆಗೆ ತಿರುಗಿಸಲಾದೀತೇ?

ಸಂಶೋಧಕರಾದ ಪೆಟ್ರೀಷಿಯಾ ಥಾರ್ನ್‌ಟನ್ ಮತ್ತು ಕ್ರಿಸ್ ಹೌಸರ್ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಅವರು ವಿಚಾರಿಸಿದ 333 ವಿಶ್ವವಿದ್ಯಾಲಯ ವಿದ್ಯಾರ್ಥಿಗಳಲ್ಲಿ ಎಲ್ಲರ ಬಳಿಯೂ ಮೊಬೈಲ್ ಇತ್ತು. ನೂರಕ್ಕೆ 99 ಮಂದಿ ಅದರಲ್ಲಿ ಇಮೇಲ್ ಕಳಿಸುತ್ತಿದ್ದರು. ಓದಿಗಾಗಿ ಇಮೇಲ್ ಬಳಸುತ್ತಿದ್ದವರು ಮಾತ್ರ ನೂರಕ್ಕೆ 44. ಆಮೇಲೆ 44 ವಿದ್ಯಾರ್ಥಿಗಳ ಫೋನಿಗೆ ನಿಗದಿತ ವೇಳೆಗೆ ಸುಮಾರು ನೂರು ಪದಗಳ ಪುಟ್ಟ ಪಾಠ ಕಳಿಸಿದರು. ಅದೇ ಪಾಠವನ್ನು ಕಾಗದದಲ್ಲೋ ವೆಬ್‌ನಲ್ಲೋ ಓದಿಕೊಳ್ಳಿ ಎಂದು ಹೇಳಿಸಿಕೊಂಡವರಿಗಿಂತ ಇವರು ಹೆಚ್ಚು ಪದ ಕಲಿತರು. ಈ ವಿಧಾನ ಉಪಯುಕ್ತ ಎಂದವರು ನೂರಕ್ಕೆ 93. ಕಂಪ್ಯೂಟರಿಗಿಂತ ಫೋನೇ ಇರಲಿ ಎಂದವರು 71.

ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬ ಸಂಶೋಧಕ ಗ್ಲೆನ್ ಸ್ಟಾಕ್‌ವೆಲ್ ಕಂಡದ್ದು ಬೇರೆ. ಪದಗಳ ಅಭ್ಯಾಸವನ್ನು ಎಲ್ಲಿ ಬೇಕಾದರೂ ಮಾಡಿ ಎಂದು ಬಿಟ್ಟಾಗ ಹೆಚ್ಚಿನವರು ಕಂಪ್ಯೂಟರಿಗೇ ಹೋದರು. ಪುಟ್ಟ ಪರದೆ, ಒತ್ತಲು ತೊಡಕಿನ ಗುಂಡಿಗಳು ಅವರನ್ನು ಹಿಂಜರಿಯುವಂತೆ ಮಾಡಿದ್ದವು. ಫೋನಿನಲ್ಲಿ ಮಾಡಿದರೆ ಸಮಯವೂ ಹೆಚ್ಚು ಹಿಡಿಯುತ್ತಿತ್ತು.

ಎರಡೂ ನಿಜ. ಹೊಸ ಸಲಕರಣೆಯನ್ನು ಜನ ಒಪ್ಪುವುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ ಎಂದು 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ವಿವರಿಸಿದ್ದರು: ಇದರಿಂದ ನನಗೆ ಉಪಯೋಗವಿದೆಯೇ? ಬಳಸಲು ಸುಲಭವೇ? ತಾನಾಗಿ ಬಂದ ಕಿರುಪಾಠವನ್ನು ಓದುವುದು ಸುಲಭ. ಕುಳಿತು ಅಭ್ಯಾಸ ಮಾಡುವಾಗ ಅದೇ ಫೋನು ಇಕ್ಕಟ್ಟಾಗುತ್ತದೆ.

ಬರವಣಿಗೆಯಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಪದದ ಅರ್ಥ, ಸ್ಪೆಲ್ಲಿಂಗ್, ಒಂದೆರಡು ವಾಕ್ಯದ ಅಭ್ಯಾಸ, ಗೆಳೆಯರಿಗೆ ಇಂಗ್ಲಿಷಿನಲ್ಲಿ ಸಂದೇಶ: ಇಷ್ಟಕ್ಕೆ ಫೋನಿನಂಥ ಜೊತೆಗಾರ ಇನ್ನೊಂದಿಲ್ಲ. ತಪ್ಪಾದರೆ ಯಾರೂ ನಗುವುದಿಲ್ಲ ಎಂಬ ಧೈರ್ಯವೂ ಸಿಗುತ್ತದೆ. ಆದರೆ ಪ್ಯಾರಾ ಕಟ್ಟುವವರಿಗೆ ಮೊದಲ ಸಾಲೂ ಕೊನೆಯ ಸಾಲೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಅಂಗೈಯಗಲದ ಪರದೆಯಲ್ಲಿ ಕೀಲಿಮಣೆಗೆ ಜಾಗ ಬಿಟ್ಟ ಮೇಲೆ ಕೆಲವೇ ಸಾಲುಗಳು ಉಳಿಯುತ್ತವೆ. ಹೇಳಿದ್ದನ್ನೇ ಮತ್ತೆ ಹೇಳಿದ್ದು, ಕೊಂಡಿ ತಪ್ಪಿದ್ದು ತಿಳಿಯುವುದೇ ಇಲ್ಲ. ಇನ್ನು ತಾನಾಗಿ ತಿದ್ದುವ ಸೌಲಭ್ಯವು ನಮ್ಮ ತಪ್ಪು ನಮಗೆ ಕಾಣುವ ಮೊದಲೇ ಅದನ್ನು ಅಳಿಸಿಬಿಡುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ, ಪೆನ್ನು ಹಿಡಿದಾಗ, ಅದೇ ತಪ್ಪು ಮರಳಿ ಬರುತ್ತದೆ.

ಇಂಗ್ಲಿಷ್ ಬರವಣಿಗೆಗೆ ಹೆದರುವ ಕನ್ನಡದ ವಿದ್ಯಾರ್ಥಿಗಳು ಇದರಿಂದ ಒಂದು ದಾರಿ ಮಾಡಿಕೊಳ್ಳಬಹುದು. ಬಸ್ಸಿನಲ್ಲಿ, ಬಿಡುವಿನಲ್ಲಿ ಪದ ಮತ್ತು ವಾಕ್ಯಗಳನ್ನು ಫೋನಿನಲ್ಲೇ ಕಲಿಯಿರಿ. ವಾರಕ್ಕೊಮ್ಮೆ ಫೋನನ್ನು ಬದಿಗಿಟ್ಟು, ಆ ಪದಗಳನ್ನು ಬಳಸಿ ಹಾಳೆಯ ಮೇಲೆ ಒಂದು ಪ್ಯಾರಾ ಬರೆಯಿರಿ. ಗಟ್ಟಿಯಾಗಿ ಓದಿ, ನೀವೇ ತಿದ್ದಿ. ಅನುಮಾನ ಉಳಿದರೆ ಆಗ ಫೋನನ್ನು ಕೇಳಿ.