ಪಾಠ ಯೋಜನೆಯ ಕಡತ ಮುಂದಿನ ತಂಡಕ್ಕೆ ತೆರೆದೀತೇ?

ಕೇಶ್ವಾಪುರದ ಶಾಲೆಗಳಿಗೆ ಅಭ್ಯಾಸ ಪಾಠ ವೀಕ್ಷಣೆಗೆ ಹೋಗುವ ನಮಗೆ ಹಿಂದಿನ ವೀಕ್ಷಕರ ಟಿಪ್ಪಣಿಗಳೇ ದೊಡ್ಡ ಆಸ್ತಿ. ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳು ಕನ್ನಡದ ಒತ್ತಕ್ಷರದಲ್ಲಿ ಎಲ್ಲಿ ಎಡವುತ್ತಾರೆ ಎಂಬಂಥ ಮಾತು ಯಾವ ಪಠ್ಯಪುಸ್ತಕದಲ್ಲೂ ಸಿಗದು. ಅಂಥ ಟಿಪ್ಪಣಿಗಳ ಹಳೆಯ ಸಿ.ಡಿ.ಯೊಂದು ನನ್ನ ಬಳಿ ಇದೆ. ಸಿ.ಡಿ. ಚೆನ್ನಾಗಿದೆ, ಕಡತವೂ ತೆರೆಯುತ್ತದೆ. ಆದರೆ ಪರದೆಯ ಮೇಲೆ ಬರುವುದು ಕನ್ನಡವಲ್ಲ.

ಕಾರಣ ಸರಳ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತದೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. 'ಕ' ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ 'ಎ' ಇರುತ್ತವೆ. 'ನ' ಇರಬೇಕಾದಲ್ಲಿ ಪೌಂಡ್ ಚಿಹ್ನೆಯೊಂದಿಗೆ ಅದೇ 'ಎ'. ಫಾಂಟು ಇವಕ್ಕೆ ಕನ್ನಡದ ವೇಷ ಹಾಕುತ್ತದೆ; ಫಾಂಟಿಲ್ಲದ ಗಣಕದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆಯಿದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವುದಿಲ್ಲ ಎಂಬುದು ಅಲ್ಲಿಯ ನಿಯಮ.

ಪಿ.ಡಿ.ಎಫ್. ಮಾಡಿಟ್ಟಿದ್ದೇವೆ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಫಾಂಟು ಅದರೊಳಗೇ ಅಡಕವಾಗಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. 'ಒತ್ತಕ್ಷರ' ಎಂದು ಹುಡುಕಿ ನೋಡಿ, ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಗ್ರಂಥಕ್ಕೆ 900 ವರ್ಷವಾದಾಗ, 1986ರಲ್ಲಿ, ಬಿ.ಬಿ.ಸಿ. ಹೊಸ ಡೂಮ್ಸ್‌ಡೇ ಸಿದ್ಧಪಡಿಸಿತು. ಶಾಲಾ ಮಕ್ಕಳು ತಮ್ಮ ಊರಿನ ವಿವರ ಬರೆದು ಕಳಿಸಿದ್ದರು. ಎಲ್ಲವೂ ಲೇಸರ್ ಡಿಸ್ಕಿಗೆ ಹೋಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾದವು. ಹಳೆಯ ಗ್ರಂಥವನ್ನು ಮಾತ್ರ ಈಗಲೂ ಓದಬಹುದು. ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2002ರಲ್ಲಿ ಹಳೆಯ ಯಂತ್ರದಂತೆ ನಡೆದುಕೊಳ್ಳುವ ತಂತ್ರಾಂಶ ಬರೆದು ಆ ಡಿಸ್ಕನ್ನು ಹೊಸ ಗಣಕದಲ್ಲಿ ತೋರಿಸಿದರು. ಇದು ಒಂದು ದಾರಿ. ಕಾಲಕಾಲಕ್ಕೆ ಕಡತವನ್ನೇ ಹೊಸ ರೂಪಕ್ಕೆ ತರುವುದು ಇನ್ನೊಂದು.

ಕಾಲೇಜುಗಳಿಗೆ ಎರಡನೆಯದೇ ಸಾಧ್ಯ ಎಂಬುದು ನನ್ನ ಅಭಿಪ್ರಾಯ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಅವನ್ನು ಕುರುಡಾಗಿ ನಂಬುವಂತಿಲ್ಲ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದೇ ತಿಳಿದು ಕೆಡಿಸಿಬಿಡಬಹುದು. ಅರ್ಕಾವತ್ತು ಅತ್ತಿತ್ತ ಸರಿಯಬಹುದು. ಮೂಲದ ಮುದ್ರಿತ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಿರಲಿ, ಇನ್ನೊಬ್ಬರು ಪರದೆ ನೋಡುತ್ತಿರಲಿ. ತಿದ್ದಿದ ಮೇಲೂ ಮೂಲ ಕಡತವನ್ನು ಅಳಿಸಬೇಡಿ. ಒಂದು ಪ್ರತಿ ಕಾಲೇಜಿನಲ್ಲಿದ್ದರೆ ಇನ್ನೊಂದು ಬೇರೆ ಕಟ್ಟಡದಲ್ಲಿರಲಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಿ.