ಋತುವಿನ ಕೊನೆಯಲ್ಲಿ ಹಿಮಾಲಯದ ಮೋಟಾರು ಹಾದಿ

ಪರ್ವತಮಾರ್ಗವೆಂದೊಡನೆ ನಮ್ಮ ಮನಸ್ಸಿಗೆ ಆಗುಂಬೆಯ ಘಾಟಿಯೋ ಚಾರ್ಮಾಡಿಯ ಘಾಟಿಯೋ ಬರುವುದು ಸಹಜ. ಅಲ್ಲಿ ಮೋಟಾರು ನಡೆಸುವವನ ಶತ್ರು ಮಳೆಗಾಲ. ಅದು ಕಳೆಯಿತೆಂದರೆ ಅವನ ಚಿಂತೆಯೂ ಬಹುಮಟ್ಟಿಗೆ ಕಳೆಯಿತು. ಹಿಮಾಲಯದ ಎತ್ತರದ ಹಾದಿಗಳಲ್ಲಾದರೋ ಸಂಗತಿ ಬೇರೆ. ಮಳೆ ನಿಂತು, ಆಕಾಶವು ತಿಳಿಯಾಗಿ, ದಾರಿಯು ವರ್ಷದಲ್ಲೆಲ್ಲ ಅತ್ಯಂತ ಸುಗಮವಾಗಿ ಕಾಣುವ ಕಾಲವೇ ಅಲ್ಲಿ ಹೆಚ್ಚಿನ ಎಚ್ಚರಿಕೆಯನ್ನು ಬೇಡತಕ್ಕ ಕಾಲ. ಇದು ಹೇಗೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಉದಾಹರಣೆಗೆ, ಹಿಮಾಚಲ ಪ್ರದೇಶದಲ್ಲಿ ಲಾಹುಲ್ ಸೀಮೆಯಿಂದ ಸ್ಪಿತಿ ಸೀಮೆಗೆ ಹೋಗುವ ಹಾದಿಯನ್ನು ತೆಗೆದುಕೊಳ್ಳೋಣ. ಅದು ಗ್ರಾಂಫು ಎಂಬಲ್ಲಿ ಮೊದಲಾಗಿ, ಚಂದ್ರಾ ನದಿಯ ದಡವನ್ನು ಹಿಡಿದು, ಛತ್ರು, ಛೋಟಾ ದಾರಾ, ಬಾತಲ್ ಎಂಬ ತಾಣಗಳನ್ನು ಹಾದು, ಕುಂಜುಮ್ ಲಾ ಎಂಬ ಕಣಿವೆಯನ್ನೇರಿ, ಆಚೆಯ ಲೋಸರ್ ಗ್ರಾಮಕ್ಕೆ ಇಳಿಯುತ್ತದೆ. ‘ಲಾ’ ಎಂದರೆ ಟಿಬೆಟ್ಟಿನ ಮಾತಿನಲ್ಲಿ ಬೆಟ್ಟಸಾಲನ್ನು ದಾಟುವ ಸ್ಥಳ. ಕುಂಜುಮಿನ ಎತ್ತರ ಸುಮಾರು ೧೫,೦೦೦ ಅಡಿ. ಹಾದಿಯ ಉದ್ದವು ಸುಮಾರು ೫೦ ಮೈಲಿ. ಬಹುಕಾಲ ಡಾಂಬರನ್ನೇ ಕಾಣದ ಕಲ್ಲುಮಣ್ಣಿನ ದಾರಿ. ನಡುವೆ ವರ್ಷವಿಡೀ ಜನವಾಸವುಳ್ಳ ಊರು ಒಂದೂ ಇಲ್ಲ. ಛತ್ರು, ಬಾತಲ್‌ಗಳಲ್ಲಿ ಬೇಸಗೆಯಲ್ಲಿ ಊಟ ವಸತಿ ಒದಗಿಸುವ ಧಾಬಾಗಳು ಚಳಿ ಬಲಿಯುತ್ತಲೇ ಮುಚ್ಚಿಹೋಗುತ್ತವೆ. ೨೦೨೦ನೆಯ ಅಕ್ಟೋಬರ್ ೩ರಂದು ಅಟಲ್ ಸುರಂಗವು ತೆರೆದ ಮೇಲೆ ಮನಾಲಿಯಿಂದ ಲಾಹುಲಿಗೆ ಹೋಗುವವರಿಗೆ ರೋಹ್ತಾಂಗನ್ನು ಏರುವ ಶ್ರಮ ತಪ್ಪಿತು. ಕುಂಜುಮಿಗೆ ಅಂಥ ಸುರಂಗವಿಲ್ಲ. ಚಳಿಗಾಲ ಬಂತೆಂದರೆ ಹಿಮವೇ ಅದರ ಬಾಗಿಲು.

ಜುಲೈ ತಿಂಗಳಲ್ಲಿ ಈ ಹಾದಿಗೆ ಅಡ್ಡವಾಗಿ ಹರಿಯುವ ಹಳ್ಳಗಳೆಲ್ಲ ಮೇಲಿನ ಹಿಮವು ಕರಗಿದ ನೀರು. ಬೆಳಗಿನಲ್ಲಿ ಅವು ತಗ್ಗಿರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಉಬ್ಬುತ್ತವೆ. ಆದ್ದರಿಂದ ನಸುಕಿನಲ್ಲೇ ಹೊರಟು ಹಳ್ಳಗಳನ್ನು ದಾಟಿಬಿಡಬೇಕೆಂಬುದು ಅಲ್ಲಿನ ಚಾಲಕರ ಬೇಸಗೆಯ ನಿಯಮ. ಅಕ್ಟೋಬರಿನಲ್ಲಿ ಹಿಮ ಕರಗುವುದು ಕಡಮೆಯಾಗಿ ಹಳ್ಳಗಳು ಬಡವಾಗುತ್ತವೆ. ಚಕ್ರಕ್ಕೆ ತಳದ ಕಲ್ಲು ಸಿಕ್ಕುತ್ತದೆ. ನೋಡುವವರಿಗೆ ಕಷ್ಟವೆಲ್ಲ ತೀರಿದಂತೆಯೇ ತೋರುತ್ತದೆ. ಆದರೆ ಹಾದಿಯ ಮೇಲೆ ಹರಡಿಕೊಂಡ ಆ ತೆಳ್ಳನೆಯ ನೀರು ರಾತ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಆ ಗಡ್ಡೆಯು ಗಾಜಿನಷ್ಟು ಪಾರದರ್ಶಕವಾಗಿದ್ದು, ಅಡಿಯ ಜಲ್ಲಿಯೇ ಕಾಣುವುದರಿಂದ, ಕಣ್ಣು ಅದನ್ನು ಒದ್ದೆನೆಲವೆಂದೇ ಭ್ರಮಿಸುತ್ತದೆ. ಹೀಗಾಗಿ ಬೇಸಗೆಯ ನಿಯಮವು ಇಲ್ಲಿ ತಲೆಕೆಳಗಾಗುತ್ತದೆ. ಹಾದಿಯ ಮೇಲೆ ಬಿಸಿಲು ಬೀಳುವ ತನಕ ಕಾಯಬೇಕಾಗುತ್ತದೆ. ಅತ್ತ, ಆ ವೇಳೆಗೆ ಹಗಲು ಹನ್ನೊಂದೂಕಾಲು ಗಂಟೆಯ ಹತ್ತಿರಕ್ಕೆ ಇಳಿದಿರುತ್ತದೆ. ಸೂರ್ಯನಾದರೋ ಅಸ್ತಮಾನಕ್ಕೆ ಬಹಳ ಮುಂಚೆಯೇ ಶಿಖರಗಳ ಹಿಂದೆ ಮರೆಯಾಗುತ್ತಾನೆ. ಪ್ರಯಾಣಕ್ಕೆ ಯೋಗ್ಯವಾದ ಕಾಲವು ಹೀಗೆ ಎರಡು ತುದಿಯಿಂದಲೂ ಕಿರಿದಾಗುತ್ತದೆ. ಋತುವಿನ ಕೊನೆಯ ಮುಖ್ಯವಾದ ಅಪಾಯ ಇದೇ.

ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಗಡ್ಡೆಯು ಹಗಲೆಲ್ಲ ಕರಗದೆ ಉಳಿಯುವುದುಂಟು. ಒಣಗಿದ ಒಂದು ತಿರುವಿನ ಮಗ್ಗುಲಲ್ಲೇ ಗಡ್ಡೆಗಟ್ಟಿದ ಇನ್ನೊಂದು ತಿರುವು ಇರಬಹುದಾದ್ದರಿಂದ, ವೇಗವನ್ನು ತಿರುವಿಗೆ ಮುಂಚೆಯೇ ಇಳಿಸತಕ್ಕದ್ದು. ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ನಾಲ್ಕು ಚಕ್ರಗಳಿಗೂ ಯಂತ್ರದ ಬಲ ಮುಟ್ಟುವ ಗಾಡಿಯಲ್ಲಿ ಈ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಆ ಬಲವು ಏರುವುದಕ್ಕೂ ಕೆಸರಿನಿಂದ ಹೊರಬರುವುದಕ್ಕೂ ಸಹಾಯಕ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇದೆ. ನಿಲ್ಲುವ ವಿಷಯದಲ್ಲಿ ಇದಕ್ಕೆ ವಿಶೇಷವೇನೂ ಇಲ್ಲ. ಇಳಿಯುವಾಗ ಕೆಳಗಿನ ಗೇರಿನಲ್ಲಿ ಯಂತ್ರವೇ ಗಾಡಿಯನ್ನು ತಡೆಯುವಂತೆ ಮಾಡುವುದು, ಗಡ್ಡೆಯಿದ್ದಲ್ಲಿ ಚಕ್ರಕ್ಕೆ ಸರಪಣಿ ಕಟ್ಟುವುದು, ಇವೇ ಉಪಾಯಗಳು.

ಯಂತ್ರದ ಸ್ಥಿತಿಯನ್ನೂ ನಾವು ತಿಳಿದಿರಬೇಕು. ೧೫,೦೦೦ ಅಡಿಯಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ೫೭ರಷ್ಟು ಮಾತ್ರ. ಗಾಳಿಯನ್ನು ಒತ್ತಿ ತುಂಬುವ ಸಲಕರಣೆಯಿಲ್ಲದ ಯಂತ್ರವು ಅಲ್ಲಿ ತನ್ನ ಶಕ್ತಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲನ್ನು ಕಳೆದುಕೊಳ್ಳುತ್ತದೆ. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದು ರಾತ್ರಿಯಲ್ಲಿ ಗಡ್ಡೆಯಾಗಿ, ನೂರಕ್ಕೆ ೯ರಷ್ಟು ಹಿಗ್ಗಿ, ಯಂತ್ರದ ಎರಕವನ್ನೇ ಸೀಳಬಲ್ಲುದು. ಡೀಸೆಲ್ ಎಣ್ಣೆಯು ಕಡು ಚಳಿಯಲ್ಲಿ ಮೇಣದಂತೆ ಕಟ್ಟಿ ನಳಿಗೆಗಳನ್ನು ಮುಚ್ಚುತ್ತದೆ. ಮನುಷ್ಯನ ಶರೀರಕ್ಕೂ ಉಸಿರು ಸಾಲದು. ಬಲವಾದ ತಲೆನೋವು, ವಾಂತಿ, ತತ್ತರಿಸುವ ನಡಿಗೆ ಕಂಡುಬಂದರೆ ತಗ್ಗಿನ ಸ್ಥಳಕ್ಕೆ ಇಳಿಯುವುದೇ ಮುಖ್ಯವಾದ ಚಿಕಿತ್ಸೆ. ಹಿಮ ಬಿದ್ದು ಹಾದಿ ಮುಚ್ಚಿದರೆ ಆ ಚಿಕಿತ್ಸೆಯ ಬಾಗಿಲೂ ಮುಚ್ಚಿದಂತೆಯೇ.

ಹಿಮವು ಪಂಚಾಂಗವನ್ನು ನೋಡಿ ಬರುವುದಿಲ್ಲ. ೨೦೧೮ರ ಸೆಪ್ಟೆಂಬರಿನ ಕೊನೆಯ ವಾರದಲ್ಲಿ, ಇನ್ನೂ ಪ್ರವಾಸಿಗಳ ಓಡಾಟವಿದ್ದಾಗಲೇ, ಲಾಹುಲ್ ಸ್ಪಿತಿಗಳಲ್ಲಿ ಭಾರಿಯಾಗಿ ಹಿಮ ಸುರಿದು ನೂರಾರು ಮಂದಿ ಅಲ್ಲಲ್ಲಿಯೇ ಸಿಕ್ಕಿಬಿದ್ದರು. ವಾಯುಸೇನೆಯ ಹೆಲಿಕಾಪ್ಟರುಗಳು ಅನೇಕರನ್ನು ಕರೆತರಬೇಕಾಯಿತು. ಹಾಗೆ ಸಿಕ್ಕಿಬಿದ್ದವರು ಗಾಡಿಯನ್ನು ಬಿಟ್ಟು ಹಿಮದಲ್ಲಿ ನಡೆದು ಹೋಗಬಾರದು. ಬೆಚ್ಚಗಿರಲೆಂದು ಯಂತ್ರವನ್ನು ಓಡಿಸುವುದಾದರೆ ಹೊಗೆಕೊಳವೆಯ ಬಾಯಿಂದ ಹಿಮವನ್ನು ಮೊದಲು ತೆಗೆಯಬೇಕು. ಇಲ್ಲವಾದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವು ಒಳಕ್ಕೆ ತುಂಬಿ, ಮಲಗಿದವರು ಏಳದಿರಬಹುದು.

ಇಷ್ಟರಿಂದ ಒಂದು ನಿಯಮವು ಸಿದ್ಧವಾಗುತ್ತದೆ: ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಇಂಥ ವೇಳೆಗೆ ಬಾತಲನ್ನು ಮುಟ್ಟದಿದ್ದರೆ ಮುಂದೆ ಹೋಗುವುದಿಲ್ಲವೆಂದು ತಗ್ಗಿನಲ್ಲಿ, ಸಮಾಧಾನದಲ್ಲಿ ಮಾಡಿದ ನಿಶ್ಚಯವು, ಎತ್ತರದಲ್ಲಿ ಆಯಾಸಪಟ್ಟ ತಲೆಯು ಮಾಡುವ ನಿಶ್ಚಯಕ್ಕಿಂತ ನಂಬತಕ್ಕದ್ದು. ಎದುರಿನಿಂದ ಬಂದ ಚಾಲಕನನ್ನು ನಿಲ್ಲಿಸಿ ದಾರಿಯ ಸ್ಥಿತಿಯನ್ನು ಕೇಳುವುದೂ ಅವಶ್ಯ. ಒಬ್ಬರೂ ಎದುರಾಗದಿದ್ದರೆ ಅದೂ ಒಂದು ಸಮಾಚಾರವೇ. ಕುಂಜುಮಿನಿಂದ ಹಿಂದಿರುಗಿದವನಿಗೆ ಸ್ಪಿತಿಯು ತಪ್ಪಿಹೋಯಿತೆಂದೂ ಅಲ್ಲ. ಶಿಮ್ಲಾ, ಕಿನ್ನೌರುಗಳ ಮೇಲಾಗಿ ಬರುವ ಬಳಸುದಾರಿಯು ಕುಂಜುಮ್ ಮುಚ್ಚಿದ ಮೇಲೂ ಸಾಮಾನ್ಯವಾಗಿ ತೆರೆದಿರುತ್ತದೆ. ಕಣಿವೆಯ ನೆತ್ತಿಯಲ್ಲಿ ದೇವಿಯ ಗುಡಿಯೊಂದುಂಟು. ಅಲ್ಲಿನ ಚಾಲಕರು ಗಾಡಿಯಿಂದಲೇ ಅದಕ್ಕೆ ಒಂದು ಪ್ರದಕ್ಷಿಣೆ ಬಂದು ಮುಂದುವರಿಯುತ್ತಾರೆ. ಎಷ್ಟು ಅವಸರವಿದ್ದರೂ ಅವರು ಈ ಪದ್ಧತಿಯನ್ನು ಬಿಡುವುದಿಲ್ಲ. ಆ ಒಂದು ಸುತ್ತಿನಲ್ಲಿ ಆಕಾಶವನ್ನೂ ಗಡಿಯಾರವನ್ನೂ ನೋಡಿಕೊಳ್ಳುವಷ್ಟು ಬಿಡುವು ನಮಗೂ ದೊರೆಯುತ್ತದೆ.