ಶೀಟು ಇಳಿಸುವ ಮುನ್ನ

ತೆಂಗಿನ ಸೀಮೆಯಲ್ಲಿ ಸಿಮೆಂಟ್ ಶೀಟಿಗೆ ಮಳೆಗಿಂತ ಕಾಯಿಯ ಭಯ ಹೆಚ್ಚು. ತಿಪಟೂರು, ಅರಸೀಕೆರೆ ನಡುವಿನ ನಮ್ಮ ಊರಿನಲ್ಲಿ ತೋಟವಿರುವ ಮನೆಗಳಿಗೆಲ್ಲ ಒಂದೊಂದು ಕೊಬ್ಬರಿ ಶೆಡ್ ಇದೆ. ಕೊಯ್ದ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಉಂಡೆ ಕೊಬ್ಬರಿ ಸಿದ್ಧ. ಆ ಅಟ್ಟದ ಮೇಲೆ ಹಿಂದೆ ಹೆಂಚು ಇರುತ್ತಿತ್ತು, ಇಲ್ಲವೇ ಗರಿ. ಆಮೇಲೆ ಶೀಟು ಬಂತು. ಹೆಂಚಿನಷ್ಟು ಮರ ಬೇಡ, ವರ್ಷಕ್ಕೊಮ್ಮೆ ಕೈಯಾಡಿಸಬೇಕಿಲ್ಲ, ಕೋತಿ ಕಿತ್ತೆಸೆಯುವುದಿಲ್ಲ. ಆದರೆ ಎತ್ತರದ ಮರದಿಂದ ಒಂದು ಕಾಯಿ ಬಿದ್ದರೆ ಶೀಟು ಒಡೆಯುತ್ತದೆ. ಒಡೆದ ಚೂರು ದಾರಿಯ ಗುಂಡಿಗೆ ಹೋಗುತ್ತದೆ, ಚರಂಡಿಗೆ ಮುಚ್ಚಳವಾಗುತ್ತದೆ, ಕೋಳಿಗೂಡಿನ ಗೋಡೆಯಾಗುತ್ತದೆ. ಕೆಲವು ಸಲ ಬೆಂಕಿಗೂ ಬೀಳುತ್ತದೆ. ಕಾದ ಶೀಟು ಢಮ್ಮೆಂದು ಸಿಡಿಯುವುದನ್ನು ನೋಡಲು ಮಕ್ಕಳು ಹತ್ತಿರವೇ ನಿಂತಿರುತ್ತಾರೆ.

ಆ ಶೀಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತದೆ. ಉಳಿದದ್ದು ಸಿಮೆಂಟು, ಹಾರುಬೂದಿ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಾಗ ನನಗೆ ಈ ಖನಿಜದ ರಚನೆ ಬಹಳ ಇಷ್ಟವಾಗಿತ್ತು. ಬಿಳಿ ಕಲ್ನಾರು ಮೆಗ್ನೀಸಿಯಂ ಸಿಲಿಕೇಟ್. ಅದರ ಪದರಗಳು ಚಪ್ಪಟೆಯಾಗಿ ಕೂರುವುದಿಲ್ಲ, ಚಾಪೆ ಸುತ್ತಿದ ಹಾಗೆ ತಮ್ಮಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಕಲ್ಲಾಗಿದ್ದೂ ಅದು ನಾರಿನಂತೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಒಂದೊಂದು ಎಳೆಯೂ ತಲೆಗೂದಲಿಗಿಂತ ನೂರಾರು ಪಟ್ಟು ಸಪೂರ. ಸುಡುವುದಿಲ್ಲ, ಕೊಳೆಯುವುದಿಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಶೀಟು ಮಾಡುವವರಿಗೆ ಬೇಕಾದ ಗುಣಗಳೆಲ್ಲ ಅದರಲ್ಲಿವೆ. ಶ್ವಾಸಕೋಶಕ್ಕೆ ಕಂಟಕವಾಗುವುದೂ ಅವೇ ಗುಣಗಳು. ಒಳಗೆ ಹೋದ ಎಳೆಯನ್ನು ದೇಹ ಕರಗಿಸಲಾರದು, ಹೊರಹಾಕಲೂ ಬಹಳ ಹೆಣಗುತ್ತದೆ.

ಎಳೆ ಸಿಕ್ಕಿಕೊಂಡ ಕಡೆ ಉರಿಯೂತವಾಗಿ ಶ್ವಾಸಕೋಶ ಗಡುಸಾಗುವುದಕ್ಕೆ ಆಸ್‌ಬೆಸ್ಟೋಸಿಸ್ ಎನ್ನುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶ್ವಾಸಕೋಶದ ಸುತ್ತಲಿನ ಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರಿಗಂತೂ ಕಲ್ನಾರೇ ಮುಖ್ಯ ಕಾರಣ. ಬಿಳಿ, ನೀಲಿ, ಕಂದು ಎಂಬ ಭೇದವಿಲ್ಲದೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದನ್ನು ನಿಷೇಧಿಸಿದ ದೇಶಗಳು 60ಕ್ಕೂ ಹೆಚ್ಚು. ನಮ್ಮಲ್ಲಿ ಗಣಿಗಾರಿಕೆ ನಿಂತರೂ ರಷ್ಯಾದಂಥ ದೇಶಗಳಿಂದ ಕಲ್ನಾರು ತರಿಸಿ ಶೀಟು ಮಾಡುವುದು ನಿಂತಿಲ್ಲ.

ರೋಗ ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ದಾಖಲೆಯನ್ನು 40 ವರ್ಷ ಕಾಪಾಡಬೇಕೆಂದು ಆದೇಶಿಸಿದ್ದು ಅದಕ್ಕೇ. ಆದರೆ ದಿನಗೂಲಿಗೆ ಮಾಡು ಹತ್ತಿ ಶೀಟು ಒಡೆಯುವ ಹುಡುಗನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇಂದು ಇಪ್ಪತ್ತೆಂಟರಲ್ಲಿ ಕುಡಿದ ಧೂಳಿಗೆ ಅರವತ್ತರಲ್ಲಿ ಉಸಿರು ಕಟ್ಟಿದರೆ ಅದು ಯಾರ ಮನೆಯ ಶೀಟು ಎಂದು ಯಾರೂ ಕೇಳಲಾರರು. ಆ ಪ್ರಶ್ನೆಯನ್ನು ಮನೆಯ ಯಜಮಾನರೇ ಮೊದಲು ಕೇಳಿಕೊಳ್ಳಬೇಕು ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೆದರಿ ಎಲ್ಲ ಶೀಟನ್ನೂ ನಾಳೆಯೇ ಕೀಳಿಸಬೇಡಿ. ಗಟ್ಟಿಯಾಗಿರುವ ಶೀಟಿನಲ್ಲಿ ಸಿಮೆಂಟು ಎಳೆಗಳನ್ನು ಹಿಡಿದುಕೊಂಡಿರುತ್ತದೆ. ಅದನ್ನು ಮುಟ್ಟದೆ ಬಿಡುವುದೇ ಕ್ಷೇಮ. ಕೊರೆಯುವಾಗ, ಕತ್ತರಿಸುವಾಗ, ಉಜ್ಜುವಾಗ, ಒಡೆಯುವಾಗ ಎಳೆ ಗಾಳಿಗೆ ಬರುತ್ತದೆ. ಹಳೆಯ ಶೀಟಿನ ಮೇಲೆ ಪಾಚಿ ಬೆಳೆದು, ಮಳೆಗೆ ಸಿಮೆಂಟು ಸವೆದು ಬೂದುಬಣ್ಣದ ಜುಂಗು ಕಂಡರೆ ಎಚ್ಚರವಾಗಬೇಕು. ಆ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆಯುವುದು, ಜೋರು ನೀರಿನ ಪೈಪು ಹಿಡಿಯುವುದು ಎರಡೂ ತಪ್ಪು. ನಮ್ಮ ಶೆಡ್ಡಿನಲ್ಲಿ ಚೆನ್ನಾಗಿದ್ದ ಶೀಟುಗಳಿಗೆ ಉಜ್ಜದೆಯೇ ಬಣ್ಣ ಬಳಿಸಿದೆವು, ಮೇಲೆ ಬಾಗಿದ ಮರಗಳ ಕಾಯನ್ನು ಬಲಿಯುತ್ತಲೇ ಇಳಿಸುವ ರೂಢಿ ಮಾಡಿದೆವು. ಒಡೆದವನ್ನು ಮಾತ್ರ ತೆಗೆಸಿದೆವು.

ಮೇಸ್ತ್ರಿ ಬಂದು ನೋಡಿ, "ಸುತ್ತಿಗೇಲಿ ಎರಡೆರಡು ಕೊಟ್ರೆ ಮಧ್ಯಾಹ್ನದೊಳಗೆ ಮುಗೀತದೆ ಮೇಡಂ" ಎಂದರು. ನಾನು ಬೇಡವೆಂದೆ. "ಏನಾಯ್ತದೆ ಬಿಡಿ, ಹುಟ್ಟಿದಾಗಿಂದ ಇದರ ಕೆಳಗೇ ಮಲಗಿದೀವಿ" ಎಂದರು. "ಕೆಳಗೆ ಮಲಗೋದು ಬೇರೆ ಮೇಸ್ತ್ರಿ, ಪುಡಿ ಮಾಡಿ ಉಸಿರಿಗೆ ಎಳ್ಕೊಳ್ಳೋದು ಬೇರೆ. ಒಂದು ದಿನದ ಕೂಲಿ ಹೆಚ್ಚಾಗಲಿ, ನಾನು ಕೊಡ್ತೀನಿ" ಎಂದೆ. ಹಣದ ಮಾತು ಇತ್ಯರ್ಥವಾದ ಮೇಲೆ ಅವರು ಗಮನವಿಟ್ಟು ಕೇಳಿದರು. ಆತುರಕ್ಕೆ ಕಾರಣ ಅಜ್ಞಾನಕ್ಕಿಂತ ಗುತ್ತಿಗೆಯ ದರ ಎಂಬುದು ನನ್ನ ಅಭಿಪ್ರಾಯ. ಶೀಟು ಒಡೆದರೆ ಬೇಗ ಮುಗಿಯುತ್ತದೆ, ಬೇಗ ಮುಗಿದರೆ ನಾಲ್ಕು ಕಾಸು ಉಳಿಯುತ್ತದೆ.

ಅವರಿಗೆ ಹೇಳಿದ ಮೊದಲ ಮಾತು ಬೀಳುವುದರ ಬಗ್ಗೆ. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಅದರ ಮೇಲೆ ಕಾಲಿಟ್ಟು ಕೆಳಗೆ ಬಿದ್ದು ಸತ್ತವರಿದ್ದಾರೆ. ಸಾರವೆ ಕಟ್ಟಿಸಿ ಅದರ ಮೇಲೆಯೇ ನಿಂತು ಕೆಲಸ ಮಾಡಬೇಕು. ಗಾಳಿಯಿಲ್ಲದ ದಿನ ಆರಿಸಿಕೊಂಡೆವು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮಕ್ಕಳನ್ನೂ ದನವನ್ನೂ ದೂರ ಕಳಿಸಿದೆವು. ಹೊಸ ಕೈಪಂಪಿನಲ್ಲಿ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ಶೀಟಿನ ಮೇಲೆ ಮೆಲ್ಲಗೆ ಸಿಂಪಡಿಸಿದರು. ಸೋಪಿದ್ದರೆ ನೀರು ಎಳೆಗಳ ನಡುವೆ ಇಳಿಯುತ್ತದೆ, ಒದ್ದೆಯಾದ ಎಳೆ ಹಾರುವುದಿಲ್ಲ. ತುಕ್ಕು ಹಿಡಿದ ಜೆ ಹುಕ್ಕನ್ನು ತಿರುಚಿದರೆ ಶೀಟು ಸೀಳುತ್ತದೆ. ಅದಕ್ಕೆ ಕೊಕ್ಕೆಯನ್ನೇ ಕೈಗರಗಸದಲ್ಲಿ ಕೊಯ್ದರು. ಗ್ರೈಂಡರನ್ನು ಹತ್ತಿರಕ್ಕೂ ತರಬಾರದು. ಶೀಟನ್ನು ಮೇಲಿನಿಂದ ಎಸೆಯದೆ ಕೈಯಿಂದ ಕೈಗೆ ಇಡಿಯಾಗಿ ಇಳಿಸಿದರು.

ಬಟ್ಟೆಯ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು ಇದಕ್ಕೆ ಬಾರವು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಎನ್95 ಕೂಡ ಸಾಲದು. ಎಫ್‌ಎಫ್‌ಪಿ3 ಅಥವಾ ಪಿ100 ಫಿಲ್ಟರಿನ ಮಾಸ್ಕು ಬೇಕು. ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಗಡ್ಡವಿದ್ದರೆ ಮಾಸ್ಕು ಮುಖಕ್ಕೆ ಕೂರುವುದಿಲ್ಲ, ಸಂದಿನಿಂದ ಧೂಳು ನುಗ್ಗುತ್ತದೆ. ಹಿಂದಿನ ದಿನವೇ ಹೇಳಿದ್ದರಿಂದ ಮೇಸ್ತ್ರಿಯೂ ಹುಡುಗರೂ ಗಡ್ಡ ಬೋಳಿಸಿಕೊಂಡು ಬಂದಿದ್ದರು.

ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಶೀಟಿನ ಜೊತೆಗೇ ಕಟ್ಟಬೇಕು. ತೊಟ್ಟ ಬಟ್ಟೆ ಮನೆಗೆ ಹೋಗಬಾರದು. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದು ಒಗೆದೇ ಅವರ ಹೆಂಡತಿಯರಿಗೆ ಮೀಸೋಥೀಲಿಯೋಮ ಬಂದದ್ದು ಹೊರದೇಶಗಳಲ್ಲಿ ದಾಖಲಾಗಿದೆ. ಹುಡುಗರಿಗೆ ಆ ದಿನಕ್ಕೆಂದು ಹಳೆಯ ಅಂಗಿ ಚಡ್ಡಿ ಕೊಟ್ಟು, ತೋಟದ ಮನೆಯಲ್ಲೇ ಸ್ನಾನ ಮಾಡಿಸಿ ಕಳಿಸಿದೆ. ಶೀಟು, ಚೂರು, ಬಟ್ಟೆ, ಕೆಳಗೆ ಹಾಸಿದ ಹಾಳೆ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಬಿಗಿದು, "ಕಲ್ನಾರು, ಒಡೆಯಬೇಡಿ" ಎಂದು ಬರೆಸಿದೆವು.

ಕಷ್ಟದ ಕೆಲಸ ಅದಾದ ಮೇಲೆ ಬಂತು. ಪಕ್ಕದ ಕೇರಿಯ ಒಬ್ಬ ಹೆಂಗಸು ಬಂದು, "ಬಿಸಾಕೋದಾದ್ರೆ ನಂಗೆ ಕೊಡ್ರವ್ವ, ಬಚ್ಚಲಿಗೆ ಮರೆ ಮಾಡ್ಕೊತೀನಿ" ಎಂದು ಕೇಳಿದರು. ಬಚ್ಚಲಿಗೆ ಮರೆಯಿಲ್ಲದವರಿಗೆ ಮೂವತ್ತು ವರ್ಷದ ನಂತರದ ಕಾಯಿಲೆಯ ಮಾತು ಹೇಳಿ ಬರಿಗೈಯಲ್ಲಿ ಕಳಿಸುವುದು ನ್ಯಾಯವೆನಿಸಲಿಲ್ಲ. ಒಡೆದ ಶೀಟು ಕೊಡುವುದಂತೂ ಸಾಧ್ಯವೇ ಇರಲಿಲ್ಲ. ಒಡೆದ ಶೀಟುಗಳ ಜಾಗಕ್ಕೆ ಹಾಕಲು ಶೆಡ್ಡಿಗೆ ತಂದ ತಗಡಿನಲ್ಲಿ ಎರಡನ್ನು ಅವರಿಗೆ ಕೊಟ್ಟೆ. ಹಳೆಯ ಶೀಟು ಬೇಡ ಎನ್ನುವಾಗ ಅದರ ಬದಲಿಗೆ ಏನು ಎಂಬುದನ್ನೂ ಹೇಳಬೇಕಾಗುತ್ತದೆ. ಸರ್ಕಾರಕ್ಕೂ ಇದು ಅನ್ವಯಿಸುತ್ತದೆ.

ಸುತ್ತಿಟ್ಟದ್ದನ್ನು ಎಲ್ಲಿಗೆ ಕಳಿಸುವುದು? ಗುಜರಿಯವರು ಮುಟ್ಟುವುದಿಲ್ಲ. ಕಟ್ಟಡದ ಅವಶೇಷಗಳ ಜೊತೆ ಸೇರಿಸಿದರೆ ಪುಡಿ ಮಾಡುವ ಯಂತ್ರಕ್ಕೆ ಹೋಗಿಬಿಡುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಅದರ ಸರಿಯಾದ ಜಾಗ ಅಪಾಯಕಾರಿ ತ್ಯಾಜ್ಯಕ್ಕೆಂದೇ ತಳಕ್ಕೆ ಹೊದಿಕೆ ಹಾಸಿ ಕಟ್ಟಿದ ಭದ್ರ ಭೂಭರ್ತಿ. ಅಂಥದ್ದೊಂದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ. ಅದು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ವ್ಯವಸ್ಥೆ, ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ ಸುರಿಯುವ ಜಾಗವಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಬರೆದು, ಅನುಮತಿ ಇರುವ ವಾಹನದಲ್ಲೇ ಸಾಗಿಸಬೇಕು. ಊರಿನ ನಾಲ್ಕಾರು ಮನೆಯವರು ಒಟ್ಟಾಗಿ ಬರೆದರೆ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ. ನಾವು ಈಗ ಅದೇ ಪ್ರಯತ್ನದಲ್ಲಿದ್ದೇವೆ. ಅಲ್ಲಿಯವರೆಗೆ ನಮ್ಮ ಕಟ್ಟುಗಳು ನೀರು ನಿಲ್ಲದ ಮೂಲೆಯಲ್ಲಿ, ಮರದ ದಿಮ್ಮಿಗಳ ಮೇಲೆ, ಟಾರ್ಪಾಲಿನಡಿ ಇವೆ.

ನನ್ನ ಅಣ್ಣನ ಮಗ ಮೆಲ್ಬರ್ನಿನಲ್ಲಿ ಹಳೆಯ ಮನೆ ಕೊಂಡ. ಬಚ್ಚಲುಮನೆಯ ಗೋಡೆ ಮುಟ್ಟುವ ಮೊದಲೇ ಚೂರು ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿದ. ಆ ರಾಜ್ಯದಲ್ಲಿ ಕೆಲಸದವರನ್ನು ಕರೆಸಿ 10 ಚದರ ಮೀಟರಿಗಿಂತ ಹೆಚ್ಚು ಕಲ್ನಾರು ಹಲಗೆ ತೆಗೆಸುವುದಾದರೆ ಪರವಾನಗಿ ಇರುವವರೇ ಬರಬೇಕು. ಆಸ್ಟ್ರೇಲಿಯಾ 2003ರ ಕೊನೆಗೆ ಪೂರ್ತಿ ನಿಷೇಧ ತಂದರೂ ಹಳೆಯ ಮನೆಗಳಲ್ಲಿ ಉಳಿದದ್ದನ್ನು ತೆಗೆಯುವ ಕೆಲಸ ಇನ್ನೂ ಮುಗಿದಿಲ್ಲ. ನಾವು ಇಂದಿಗೂ ಹೊಸ ಶೀಟು ಹಾಕುತ್ತಲೇ ಇದ್ದೇವೆ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮನೆಯೊಳಗಿನ ಉಳಿದ ಅಪಾಯದ ಕಸ ಇಷ್ಟು ತೊಡಕಿನದಲ್ಲ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಒಡೆದ ಥರ್ಮಾಮೀಟರು, ಬ್ಯಾಟರಿ, ಸೂಜಿ ಇವನ್ನೆಲ್ಲ ಬೇರೆಯೇ ಒಂದು ವರ್ಗವೆಂದು ಗುರುತಿಸಿದವು. ಇವುಗಳನ್ನು ತಂದೊಪ್ಪಿಸಲು ನಗರಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದೂ ಹೇಳಿದವು. ಅದು ಎಲ್ಲಿದೆ ಎಂದು ನಿಮ್ಮ ವಾರ್ಡ್ ಕಚೇರಿಯವರನ್ನು ಬರವಣಿಗೆಯಲ್ಲೇ ಕೇಳಿ. ಇನ್ವರ್ಟರ್ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಮರಳಿಸಿ. ಕೀಟನಾಶಕದ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ಯಾರೂ ಮತ್ತೆ ನೀರು ತುಂಬಿಸದಂತೆ ಡಬ್ಬಿಗೆ ತೂತು ಹೊಡೆಯಿರಿ. ಸುಡಬೇಡಿ.

ಪಾದರಸಕ್ಕೆ ಮಾತ್ರ ಇನ್ನೆರಡು ಮಾತು ಬೇಕು. ಹಳೆಯ ಥರ್ಮಾಮೀಟರಿನಲ್ಲಿ ಸುಮಾರು ಒಂದು ಗ್ರಾಂ ಪಾದರಸವಿರುತ್ತದೆ. ಒಡೆದಾಗ ಗುಡಿಸಿದರೆ ಹನಿಗಳು ಇನ್ನಷ್ಟು ಸಣ್ಣವಾಗಿ ಹರಡುತ್ತವೆ, ಕಣ್ಣಿಗೆ ಕಾಣದ ಆವಿ ಮೂಗಿಗೆ ಹೋಗುತ್ತದೆ. ಕಿಟಕಿ ತೆರೆದು, ಕೈಯ ಒಡವೆ ತೆಗೆದಿಟ್ಟು, ಗಟ್ಟಿ ಕಾಗದದಿಂದ ಹನಿಗಳನ್ನು ಒಂದೆಡೆ ಕೂಡಿಸಿ, ಉಳಿದದ್ದನ್ನು ಅಂಟುಟೇಪಿಗೆ ಹಿಡಿಸಿ, ಮುಚ್ಚಳ ಬಿಗಿಯಾದ ಬಾಟಲಿಗೆ ಹಾಕಿ. ಸಿಂಕಿಗೆ ಸುರಿಯಬಾರದು.

ನಮ್ಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಒಣ ಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕಸದ ಗಾಡಿ ಓಡಿಸುವವರೂ ಹೆಂಗಸರೇ. ಅತ್ತೆಯವರ ಇನ್ಸುಲಿನ್ ಸೂಜಿಗಳನ್ನು ನಾನು ದಪ್ಪ ಫಿನಾಯಿಲ್ ಡಬ್ಬಿಯಲ್ಲಿ ತುಂಬಿ ಆರೋಗ್ಯ ಕೇಂದ್ರಕ್ಕೆ ಕೊಡುತ್ತೇನೆ ಎಂದಾಗ ಅವರಲ್ಲೊಬ್ಬಾಕೆ ಬೆರಳಿಗೆ ಸೂಜಿ ಚುಚ್ಚಿದ ಗುರುತು ತೋರಿಸಿದಳು. ಮನೆಯವರಿಂದ ನಿಮಗೆ ಏನಾಗಬೇಕು ಎಂದು ಕೇಳಿದೆ. ಎಲ್ಲ ಬೇರೆ ಬೇರೆ ಕಟ್ಟಿ, ಒಳಗಿರುವುದೇನೆಂದು ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ ಎಂದರು. ಗಾಜಾದರೆ ಗಾಜು, ಸೂಜಿಯಾದರೆ ಸೂಜಿ, ಔಷಧಿಯಾದರೆ ಔಷಧಿ. ಓದಲು ಬಾರದವರೂ ತಮ್ಮಲ್ಲಿ ಇರುವುದರಿಂದ ಅಕ್ಷರದ ಪಕ್ಕ ಒಂದು ಕೆಂಪು ಗೀಟು ಹಾಕಿರಿ ಎಂದೂ ಸೇರಿಸಿದರು.